ಎವ್ದೋಕಿಯಾಳ ಲೈಸೆನ್ಸಿನ ಜಾತಕ

ಅರ್ಗಿರೊ ತೀರಿಕೊಂಡ ಮೇಲೆ ಗೆಳತಿಯರ ಸಮುದ್ರಸ್ನಾನ ನಿಂತುಹೋಗಿತ್ತು. ಎವ್ದೋಕಿಯಾ, ದೆಸ್ಪಿನಾ ಮತ್ತು ಮೆಲ್ಬರ್ನಿನ ಆ ಬೀದಿಯ ಉಳಿದ ಗ್ರೀಕ್ ಮುದುಕಿಯರು ಚಳಿಗಾಲವೆನ್ನದೆ ಬೆಳಗ್ಗೆ ಕೊಲ್ಲಿಯ ನೀರಿಗಿಳಿದು, ಕತ್ತಿನವರೆಗೆ ಮುಳುಗಿ, ತಲೆಯ ಟೋಪಿ ಮಾತ್ರ ತೆಗೆಯದೆ ಊರವರ ಸುದ್ದಿ ಆಡುವವರು. ಅವರನ್ನು ಅಲ್ಲಿಗೆ ಹೊತ್ತೊಯ್ಯುತ್ತಿದ್ದ ಪುಟ್ಟ ಕಾರು ಅರ್ಗಿರೊಳದು. ಸಾಯುವ ಮುಂಚೆ ಅದನ್ನು ಎವ್ದೋಕಿಯಾಳ ಹೆಸರಿಗೆ ಮಾಡಿಕೊಟ್ಟಿದ್ದಳು. ಇನ್ನು ವಿಮೆಯೊಂದು ಆದರೆ ತಾನೇ ಓಡಿಸಿಕೊಂಡು ಮತ್ತೆ ಸಮುದ್ರ.

ದರ ಹೇಳಬೇಕಾದರೆ ಲೈಸೆನ್ಸಿನ ಹಿಂದಿನ ದಾಖಲೆ ಬೇಕು ಎಂದರು ವಿಮೆಯವರು. ಎವ್ದೋಕಿಯಾ ಸಾರಿಗೆ ಇಲಾಖೆಗೆ ಅರ್ಜಿ ಹಾಕಿ ತರಿಸಿ, ಅವರಿಗೂ ಒಂದು ಪ್ರತಿ ಕಳಿಸಿದಳು. ಮಗ ಲೆಫ್ತೇರಿಸನಿಗೆ ಮಾತ್ರ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವನು ಊಟಕ್ಕೆ ಬಂದ. ಮೇಜಿನ ಮೇಲಿದ್ದ ಆ ದಾಖಲೆ ಕಂಡದ್ದೇ ಬೇಳೆಸಾರಿಗೆ ವಿನೆಗರ್ ಹಾಕುವ ಕೈ ಅಲ್ಲೇ ನಿಂತಿತು.

"ಅಮ್ಮ, ಇದನ್ನ ಯಾಕೆ ತರಿಸ್ದೆ?"

"ನನ್ನ ಜಾತಕ ನಾನು ನೋಡ್ಬಾರ್ದಾ? ಎಪ್ಪತ್ತೊಂದನೇ ವಯಸ್ಸಲ್ಲಿ ಹೆದ್ದಾರೀಲಿ ನೂರಾ ಮೂವತ್ತು ಹೊಡ್ದಿದೀನಂತೆ. ಹೆಂಗಪ್ಪಾ ನಿಮ್ಮಮ್ಮ?"

ಅವನಿಗೆ ನಗು ಬರಲಿಲ್ಲ. ಆ ಬೀದಿಯಲ್ಲಿ ಅದೊಂದು ನಡೆದುಬಂದ ರೂಢಿ. ವೇಗ ಹಿಡಿಯುವ ಕ್ಯಾಮೆರಾಕ್ಕೆ ಗಾಡಿ ಸಿಕ್ಕಿಬಿದ್ದರೆ, ಓಡಿಸಿದವರು ಯಾರು ಎಂದು ಕೇಳಿ ಮನೆಗೆ ನೋಟಿಸು ಬರುತ್ತದೆ. ಪ್ರತಿ ತಪ್ಪಿಗೂ ಲೈಸೆನ್ಸಿಗೆ ಬೀಳುವ ತಪ್ಪಂಕ ತುಂಬಿದರೆ ಲೈಸೆನ್ಸೇ ರದ್ದಾಗಿ ಗಂಡಸರ ದುಡಿಮೆ ನಿಲ್ಲುತ್ತದೆ. ಅದಕ್ಕೇ ಅಜ್ಜಿಯ ಹೆಸರು ಬರೆಯುವುದು. ಲೈಸೆನ್ಸಿದ್ದರೂ ಅಜ್ಜಿ ಹೇಗೂ ಗಾಡಿ ಮುಟ್ಟುವುದಿಲ್ಲವಲ್ಲ. ಪಕ್ಕದ ಮನೆಯಿಂದ ಸಕ್ಕರೆ ಕಡ ತಂದಷ್ಟು ಸಲೀಸು. ಲೆಫ್ತೇರಿಸ್ ಕೊಳಾಯಿ ಕೆಲಸದವನು. ವ್ಯಾನು ನಿಂತರೆ ಹೊಟ್ಟೆ ನಿಂತ ಹಾಗೆ. ಅವನು ಕೇಳಿದಾಗಲೆಲ್ಲ ಎವ್ದೋಕಿಯಾ ಸಹಿ ಹಾಕಿದ್ದಳು. ಇವತ್ತೂ ಅವನ ಜೇಬಿನಲ್ಲಿ ಹೊಸದೊಂದು ನೋಟಿಸಿತ್ತು.

ಅಷ್ಟರಲ್ಲಿ ಫೋನು ಬಂತು. ವಿಮೆ ಕಂಪನಿಯ ಹುಡುಗಿ. ಎವ್ದೋಕಿಯಾಳಿಗೆ ಕಿವಿ ಮಂದವಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಮೇಡಂ, ನಿಮ್ಮ ದಾಖಲೆ ನೋಡ್ದೆ. ತಪ್ಪು ತುಂಬಾ ಇದೆ, ದರ ಜಾಸ್ತಿ ಆಗತ್ತೆ. ಇವೆಲ್ಲಾ ನೀವೇ ಓಡಿಸಿದ್ದಾಗ ಆಗಿದ್ದು ಅಲ್ವಾ?"

ಲೆಫ್ತೇರಿಸ್ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದ. "ಹೌದು ಅಂತ ಹೇಳಮ್ಮ. ಜಾಸ್ತಿ ಆಗೋ ದುಡ್ಡು ನಾನು ಕೊಡ್ತೀನಿ."

"ಸಹಿ ನಂದೇ ಮಗಳೇ," ಎಂದಳು ಎವ್ದೋಕಿಯಾ. "ಆಕ್ಸಿಲರೇಟರ್ ತುಳಿದ ಕಾಲು ನಂದಲ್ಲ."

ಹುಡುಗಿ ಮೆಲ್ಲಗೆ, "ಮೇಡಂ, ಈ ಮಾತು ರೆಕಾರ್ಡ್ ಆಗ್ತಾ ಇದೆ," ಎಂದಳು.

"ಆಗ್ಲಿ. ಇನ್ನೂ ಗಟ್ಟಿಯಾಗಿ ಬೇಕಾದ್ರೆ ಹೇಳ್ತೀನಿ."

"ಹಾಗಾದ್ರೆ ಈಗ ದರ ಹೇಳಕ್ಕಾಗಲ್ಲ. ಇಲಾಖೆಗೆ ನಿಜ ಹೇಳಿ, ದಾಖಲೆ ಸರಿ ಮಾಡಿಸ್ಕೊಂಡು ಬನ್ನಿ. ಸುಳ್ಳು ಸಹಿಗೆ ನಿಮಗೂ ದಂಡ ಬೀಳ್ಬೋದು."

"ಬೀಳ್ಲಿ. ಬರ್ತೀನಿ."

ಫೋನು ಇಟ್ಟದ್ದೇ ಲೆಫ್ತೇರಿಸ್ ತಲೆ ಮೇಲೆ ಕೈ ಹೊತ್ತ. "ನನ್ನ ಲೈಸೆನ್ಸ್ ಹೋಗತ್ತೆ ಕಣಮ್ಮ. ಒಂದು ಕಾರಿಗೋಸ್ಕರ ಮಗನ್ನ ಹಿಡ್ಕೊಡ್ತೀಯಾ?"

"ಕಾರಿಗಲ್ಲ ಕಣೋ. ನಾನು ಬದುಕಿದ್ದು ಬರೀ ನಿನ್ನ ತಪ್ಪು ಹೊರಕ್ಕಾ? ಗಂಡನ ಹೆಸರಲ್ಲಿ ಮನೆ ಆಯ್ತು, ಅಂಗಡಿ ಆಯ್ತು. ನನ್ನ ಹೆಸರಲ್ಲಿ ಇದ್ದಿದ್ದು ಇದೊಂದು ಲೈಸೆನ್ಸು. ಅದನ್ನೂ ನೀನು ಕೆಸರಲ್ಲಿ ಅದ್ದಿದೀಯ, ನಾನೂ ಕೈ ಕೊಟ್ಟೆ. ಇನ್ನು ಕೊಡಲ್ಲ."

"ಕೆಲಸಕ್ಕೆ ಹೆಂಗೆ ಹೋಗ್ಲಿ?"

"ಅಣ್ಣ ತಮ್ಮಂದಿರಿದಾರೆ, ಟ್ರಾಮಿದೆ. ನಾನು ಇಷ್ಟು ದಿನ ಹೆಂಗೆ ಹೋದೆ?"

ಅವನು ಜೇಬಿನ ನೋಟಿಸು ತೆಗೆದು ಮೇಜಿನ ಮೇಲಿಟ್ಟ. ಅವಳ ಕಡೆಗಲ್ಲ, ತನ್ನ ಕಡೆಗೆ. ಪೆನ್ನು ತೆಗೆದು, ಓಡಿಸಿದವರು ಯಾರು ಎನ್ನುವಲ್ಲಿ ತನ್ನ ಹೆಸರು ಬರೆದ.

ಎವ್ದೋಕಿಯಾ ಕೋಟು ಹಾಕಿಕೊಂಡಳು. "ಏಳು, ಇಲಾಖೆ ಮುಚ್ಚೋದ್ರೊಳಗೆ ಹೋಗೋಣ. ಇವತ್ತು ಓಡಿಸ್ಕೋ. ನಾಳೆ ಲೈಸೆನ್ಸ್ ಕಿತ್ಕೊಂಡ್ರೆ, ಸಮುದ್ರಕ್ಕೆ ಹೋಗೋವಾಗ ನಿನ್ನನ್ನ ಕೆಲಸದ ಹತ್ರ ಇಳಿಸ್ತೀನಿ. ಆದ್ರೆ ಹಿಂದಿನ ಸೀಟಲ್ಲಿ ಕೂರ್ಬೇಕು. ಮುಂದೆ ದೆಸ್ಪಿನಾ ಕೂರ್ತಾಳೆ, ಅವಳಿಗೆ ಮೊಣಕಾಲು ನೋವು."