ತಿದಿ ಇಲ್ಲದ ಪೆಟ್ಟಿಗೆ

"ಇದ್ರಲ್ಲಿ ಹಾರ್ಮೋನಿಯಂ ದನೀನೂ ಅದೆ ಕಣಕ್ಕಾ," ಅಂತ ವಾದ್ಯದಂಗಡಿಯ ನಂಜುಂಡಪ್ಪ ಕರೆಂಟಿನ ಪಿಯಾನೊದ ಗುಂಡಿಯೊಂದನ್ನು ಒತ್ತಿದಾಗ ಸುಧಾಮಣಿಗೆ ಹೋದ ಜೀವ ಬಂದಂತಾಯಿತು. ಸದ್ಯ, ಬಂದದ್ದು ಸಾರ್ಥಕ! ಗಂಡ ಮೃತ್ಯುಂಜಯ ಮಾತ್ರ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ. ಸ್ಟ್ರೋಕ್ ಆದಾಗಿನಿಂದ ಅವನದು ಇದೇ ಪಾಡು. ಇಕ್ಕಿದರೆ ಉಂಡ, ಇಕ್ಕದಿದ್ದರೆ ಕೇಳಲಿಲ್ಲ. ಜೋಮು ಎಡಗೈಗೆ ಮಾತ್ರ ಹಿಡಿದಿದ್ದರೆ ಹೇಗೋ ಆಗುತ್ತಿತ್ತು. ಅದು ಮನೆಗೆಲ್ಲ ಹತ್ತಿಕೊಂಡಿತ್ತು. ಸುಧಾಮಣಿಗೂ ಅಳು ಬಂದು ಎಷ್ಟೋ ದಿನವಾಗಿತ್ತು.

ತೆರಕಣಾಂಬಿಯ ಮಠದಲ್ಲಿ ಸೋಮವಾರದ ಭಜನೆಗೆ ಹಾರ್ಮೋನಿಯಂ ಪೆಟ್ಟಿಗೆ ಅವನದೇ. ಊರಲ್ಲಿ ಸಾವಾದರೆ, ಹೆಣ ಕೂರಿಸಿದ ಮನೆಯ ಮುಂದೆ ಬೆಳಗಾಗುವ ತನಕ ಅವನದೇ ಶ್ರುತಿ. ಬಲಗೈ ಕೀಗಳ ಮೇಲೆ, ಎಡಗೈ ಹಿಂದೆ ಗಾಳಿ ತುಂಬುವ ತಿದಿಯ ಮೇಲೆ. ತಿದಿ ಒತ್ತುವ ಕೈಯೇ ಹೋದಮೇಲೆ ಇನ್ನೆಲ್ಲಿಯ ಭಜನೆ? ಕರೆಂಟಿನ ಪಿಯಾನೊಗೆ ಗಾಳಿ ಬೇಡ, ಒಂದೇ ಕೈ ಸಾಕು ಅಂತ ಯಾರೋ ಹೇಳಿದ್ದೇ ತಡ, ಗಂಡನನ್ನು ಚಾಮರಾಜನಗರದ ಬಸ್ಸು ಹತ್ತಿಸಿದ್ದಳು. ಅವನು ಮತ್ತೆ ಭಜನೆಯಲ್ಲಿ ಹೋಗಿ ಕೂತರೆ ಸಾಕು, ಮಿಕ್ಕಿದ್ದೆಲ್ಲ ತಾನೇ ಸರಿಹೋಗುತ್ತದೆ ಅಂತ ನಂಬಿದ್ದಳು.

"ಆ ಪಕ್ಕದ್ದು?" ಅಂದಳು ನಂಜುಂಡಪ್ಪನಿಗೆ.

"ಅದು ಬರೀ ಪಿಯಾನೊ ಕಣಕ್ಕಾ. ಕೀ ಬಾರ. ಅದುಮಿ ಇಡ್ಕಂಡ್ರೂ ದನಿ ಕರಗೋಯ್ತದೆ, ಬಜನೆಗೆ ಆಗಾಕಿಲ್ಲ. ಇದ್ರಲ್ಲಿ ನೋಡಿ, ವೀಣೆ ಬೇಕಾ, ತಬಲ ಬೇಕಾ?"

"ಇದೇ ನುಡಿಸ್ನೋಡಿ ಅಂದ್ರೆ. ಸುಮ್ಕೆ ಕುಂತ್ರೆ ಆದದಾ?" ಅಂದಳು ಗಂಡನಿಗೆ.

ಮೃತ್ಯುಂಜಯ ಬಲಗೈ ಇಟ್ಟ. ದನಿ ಥೇಟ್ ಮಠದ ಪೆಟ್ಟಿಗೆಯದೇ. ಆದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಅವನ ಎಡ ಭುಜ ಮೇಲೆದ್ದಿತು. ಮತ್ತೆ ಎದ್ದಿತು. ಕೈ ತೊಡೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು, ಭುಜವೊಂದು ಇಲ್ಲದ ತಿದಿಯನ್ನು ಹುಡುಕುತ್ತಿತ್ತು. ಅವನು ಗಾಳಿಗೆ ಅಂತ ತಡೆದಲ್ಲೆಲ್ಲ ತಾಳ ತಪ್ಪಿತು. ಹಣೆಯಲ್ಲಿ ಬೆವರೊಡೆಯಿತು.

ಸುಧಾಮಣಿಗೆ ನೋಡಲಾಗಲಿಲ್ಲ. ಅತ್ತ ಕಡೆಗೆ ಹೋದವಳೇ ಅವನು ನುಡಿಸುತ್ತಿದ್ದ ಪಿಯಾನೊದ ಬೆನ್ನಿಗೆ ಅಂಗೈ ಇಟ್ಟು, ಅವನು ಹಿಂದೆ ತಿದಿ ಒತ್ತುತ್ತಿದ್ದ ಹಾಗೇ ಒತ್ತಿ ಬಿಟ್ಟಳು, ಒತ್ತಿ ಬಿಟ್ಟಳು.

"ಅಯ್ಯೋ ಅಕ್ಕಾ, ಅಲ್ಲೇನೂ ಇಲ್ಲ ಕಣಕ್ಕಾ! ಕರೆಂಟು ಅದು!"

"ಗೊತ್ತು ಬುಡಣ್ಣ," ಅಂದಳು. ಕೈ ನಿಲ್ಲಿಸಲಿಲ್ಲ.

ಮೃತ್ಯುಂಜಯ ತಲೆಯೆತ್ತಿ ಅವಳ ಕೈ ನೋಡಿದ. ಬೆರಳು ತೆಗೆದ. "ಸಾಕು ಬುಡು, ಸುಧಾ."

ಆಮೇಲೆ ತಾನಾಗೇ ಸ್ಟೂಲನ್ನು ಪಕ್ಕಕ್ಕೆಳೆದುಕೊಂಡು, ಭಾರದ ಕೀಗಳ ಆ ಇನ್ನೊಂದು ಪಿಯಾನೊದಲ್ಲಿ ಒಂದು ಕೀ ಒತ್ತಿದ. ದನಿ ಎದ್ದಿತು, ತೆಳ್ಳಗಾಯಿತು, ಹೋಯಿತು. ಪೂರ್ತಿ ಹೋಗುವ ತನಕ ಬೆರಳು ಎತ್ತಲಿಲ್ಲ. ಇನ್ನೊಂದು ಒತ್ತಿದ. ಭುಜ ಏಳಲಿಲ್ಲ.

"ಇದಾಯ್ತದೆ," ಅಂದ.

"ಅದ್ರಲ್ಲಿ ಬಜನೆ ಬರಾಕಿಲ್ವಂತಲ್ಲಾ?"

"ಬಜನೆಗೆ ಶಂಕರ ಕೂರ್ತಾ ಅವ್ನಲ್ಲ. ಚೆಂದಾಗೇ ಬಾರಿಸ್ತನೆ."

ಅಂದರೆ ಇವನಿಗೆ ಗೊತ್ತಿತ್ತು! ಗಂಡನ ಜಾಗದಲ್ಲಿ ಶಂಕರ ಕೂರುವ ಸುದ್ದಿ ಅವನ ಕಿವಿಗೆ ಬೀಳದ ಹಾಗೆ ಇಷ್ಟು ದಿನ ಕಾದಿದ್ದಳು. ಸೋಮವಾರ ಸಂಜೆಯಾದರೆ ಕಿಟಕಿ ಮುಚ್ಚುತ್ತಿದ್ದಳು. ಒಂದೇ ಒಂದು ಸಲ ಮಠಕ್ಕೆ ಬಂದು ಕೂತ್ಕೊಳ್ಳಿ ಅಂತ ಕಾಲು ಹಿಡಿಯೋಣವೆನಿಸಿತು. ಆದರೆ ಚೀಲದಿಂದ ದುಡ್ಡಿನ ಗಂಟು ತೆಗೆದಳು.

"ಅದನ್ನೇ ಕಟ್ಟಣ್ಣ," ಅಂದಳು ನಂಜುಂಡಪ್ಪನಿಗೆ.

ಬಸ್ಸಿನ ಹಿಂದಿನ ಸೀಟಿನಲ್ಲಿ ಉದ್ದನೆಯ ಡಬ್ಬವನ್ನು ಇಬ್ಬರ ತೊಡೆಗೂ ಅಡ್ಡ ಇಟ್ಟುಕೊಂಡು ಕೂತರು. ಕಂಡಕ್ಟರು ಅವರ ಊರಿನವನೇ. "ಏನಣ್ಣ, ಒಸಾ ಪೆಟ್ಗೆಯಾ? ಈ ಸೋಮವಾರದಿಂದ ಬಜನೆಗೆ ಬತ್ತೀಯಾ ಅನ್ನು!"

ಮೃತ್ಯುಂಜಯ ಕಿಟಕಿಯಾಚೆ ನೋಡುತ್ತಿದ್ದ.

"ಇಲ್ಲ ಕಣಪ್ಪ, ಇದು ಮನೆಗೆ," ಅಂದಳು ಸುಧಾಮಣಿ. "ನಂದು ಫ್ರೀ, ಅವ್ರದೊಂದು ತೆರಕಣಾಂಬಿ ಕೊಡು."

ಬಸ್ಸು ತಿರುವಿನಲ್ಲಿ ವಾಲಿತು, ಡಬ್ಬ ಜಾರಿತು. ಅವಳು ಗಂಡನ ಎಡಗೈ ಎತ್ತಿ ಅದರ ಮೇಲಿಟ್ಟು, ತನ್ನ ಕೈಯಿಂದ ಒತ್ತಿ ಹಿಡಿದಳು. ಕೈ ಬೆಚ್ಚಗೇ ಇತ್ತು.