ಮಾರಯ್ಯನ ಟಿಕೆಟ್ಟು

ದುಬೈ ಹೆಂಗಿತ್ತು ಸಿದ್ದಮ್ಮ ಅಂತ ಕೇಳೋರಿಗೆಲ್ಲ ನಾನು ಚೆನ್ನಾಗಿತ್ತು ಅಂತಲೇ ಹೇಳ್ತೀನಿ. ಊರು ಚೆನ್ನಾಗೇ ಇತ್ತು, ಊರಿನ ತಪ್ಪೇನೂ ಇಲ್ಲ. ಆದ್ರೆ ಗಂಡ ಅಂತ ಒಬ್ಬನ್ನ ಜೊತೆಗೆ ಕಟ್ಕೊಂಡು ಹೋಗಿದ್ದೆನಲ್ಲ, ಅವನು ಅಲ್ಲಿ ಮಾಡಿದ್ದು ನೆನೆಸ್ಕೊಂಡ್ರೆ ಈಗಲೂ ನನ್ನ ಮೈ ಉರಿಯುತ್ತೆ.

ನಮ್ಮದು ಮಲ್ಲಂದೂರು ಹತ್ತಿರದ ಕಾಫಿ ಎಸ್ಟೇಟು. ನಮ್ಮದು ಅಂದ್ರೆ ನಮ್ಮದಲ್ಲ, ವೆಂಕಟೇಶ ಗೌಡ್ರದ್ದು. ಕೆಲಸದೋರಿಗೆ ಅಂತ ಸಾಲಾಗಿ ಕಟ್ಟಿಸಿರ್ತಾರಲ್ಲ ಲೈನ್ ಮನೆ, ಅದರಲ್ಲಿ ನಾವು ಇರೋದು. ಮದುವೆಯಾಗಿ ಬಂದಾಗಿನಿಂದ ನಾನು ಹಣ್ಣು ಕುಯ್ದೆ, ಮಾರಯ್ಯ ಮರ ಹತ್ತಿ ನೆರಳಿನ ಕೊಂಬೆ ಕಡಿದ. ಈಗ ಅವನ ಕೈಲಿ ಮರ ಹತ್ತೋಕಾಗಲ್ಲ. ಆದ್ರೂ ಬೆಳಗಾಗೋದೇ ತಡ, ಬಂಗಲೆ ಅಂಗಳದಲ್ಲಿ ಹೋಗಿ ನಿಂತಿರ್ತಾನೆ. ಗೌಡ್ರು ಏನಾದ್ರೂ ಹೇಳ್ತಾರೆ, ಇವನು ಏನಾದ್ರೂ ಮಾಡ್ತಾನೆ.

ನಮ್ಮ ಒಬ್ಬಳೇ ಮಗಳು ಕುಸುಮಾ ನರ್ಸಿಂಗ್ ಓದಿ ದುಬೈನ ಆಸ್ಪತ್ರೆಗೆ ಸೇರಿದ್ಲು. ಕೆಲಸ ಖಾಯಂ ಆದ ಕೂಡಲೇ ರಜಕ್ಕೆ ಬಂದು ಚಿಕ್ಕಮಗಳೂರಲ್ಲಿ ಕೋಟೆ ಹತ್ತಿರ ಒಂದು ಮನೆ ಬಾಡಿಗೆಗೆ ಹಿಡಿದು ಬೀಗದ ಕೈ ನನ್ನ ಕೈಗೇ ಕೊಟ್ಲು. ಲೈನ್ ಬಿಟ್ಟು ಅಲ್ಲಿಗೆ ಹೋಗಿ ಇರಿ ಅಂತ. ನಾನು ಅವತ್ತೇ ಪಾತ್ರೆ ಕಟ್ಟೋಕೆ ತಯಾರಿದ್ದೆ. ಈ ಮನುಷ್ಯ ಮಾತ್ರ ನೋಡೋಣ, ನೋಡೋಣ ಅಂತ ಮಳೆಗಾಲ ಕಳೆದ. ಹೊರಗಡೆ ಲೋಕ ಒಂದು ಸಲ ನೋಡಿದ್ರೆ ಅಪ್ಪ ಬದಲಾಗ್ತಾನೆ, ಆಮೇಲೆ ವಾಪಸ್ಸು ಲೈನಿಗೆ ಹೋಗೋಕೆ ಅವನಿಗೇ ಮನಸ್ಸು ಬರಲ್ಲ ಅನ್ನೋದು ನನ್ನ ಮಗಳ ಲೆಕ್ಕ. ಅದಕ್ಕೇ ನಮ್ಮಿಬ್ಬರನ್ನೂ ದುಬೈಗೆ ಕರೆಸ್ಕೊಂಡಿದ್ದು.

ಮೊದಲ ಎರಡು ದಿನ ನನಗೂ ಹಂಗೇ ಅನ್ನಿಸ್ತು. ಕುಸುಮಾ ಮುಂದೆ ಮುಂದೆ, ನಾವು ಹಿಂದೆ ಹಿಂದೆ. ಡ್ರೈವರ್ರೇ ಇಲ್ಲದ ರೈಲಿಗೆ ಹತ್ತಿಸಿದ್ಲು, ಮರದ ದೋಣೀಲಿ ಆಚೆ ದಡಕ್ಕೆ ದಾಟಿಸಿದ್ಲು. ಮಾರಯ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ದೊಡ್ಡ ಮನುಷ್ಯನ ಥರ ನಡೀತಿದ್ದ. ಈ ಮರಳಲ್ಲಿ ಮರಕ್ಕೆ ನೀರು ಹಾಕೋರು ಯಾರು ಅಂತ ಮಗಳನ್ನ ಕೇಳಿ ಕೇಳಿ ಸುಸ್ತು ಮಾಡಿದ. ಅಂಗಡಿಯವನೊಬ್ಬ ಇವನಿಗೆ ಸರ್ ಅಂದಾಗ ಯಾರಿಗೋ ಅಂದ ಅಂತ ಹಿಂದಕ್ಕೆ ತಿರುಗಿ ನೋಡಿದ. ಕುಸುಮಾ ನಕ್ಕು ನನ್ನ ಕೈ ಹಿಸುಕಿದ್ಲು.

ಮೂರನೇ ದಿನ ಸಾಯಂಕಾಲ ಆ ಎತ್ತರದ ಬುರ್ಜ್ ಖಲೀಫಾ ಕಟ್ಟಡದ ಮೇಲಕ್ಕೆ ಹೋಗೋದಿತ್ತು. ಹೊತ್ತು ಮುಳುಗೋ ಹೊತ್ತಿಗೆ ಮೇಲಿದ್ರೆ ಅದೇ ಚೆಂದವಂತೆ, ಆ ಹೊತ್ತಿನ ಟಿಕೆಟ್ಟು ಸಿಗೋದೇ ಕಷ್ಟವಂತೆ. ಕುಸುಮಾ ಮೊದಲೇ ತೆಗೆಸಿ, ಕಾಗದದಲ್ಲಿ ಪ್ರಿಂಟು ಹಾಕಿಸಿ, ಒಬ್ಬೊಬ್ಬರದ್ದು ಅವರವರ ಕೈಗೇ ಕೊಟ್ಟಿದ್ಲು. ನಾನು ನನ್ನ ಚೀಲದಲ್ಲಿಟ್ಕೊಂಡೆ. ಮಾರಯ್ಯ ಮಗಳು ಕೊಡಿಸಿದ ಹೊಸ ಅಂಗಿ ಜೇಬಲ್ಲಿಟ್ಕೊಂಡು, ಇದೆಯಾ ಇಲ್ವಾ ಅಂತ ಗಳಿಗೆಗೊಂದು ಸಲ ಮುಟ್ಟಿ ನೋಡ್ಕೊಳ್ತಿದ್ದ.

ಮೇಲಕ್ಕೆ ಹೋಗೋ ಬಾಗಿಲು ಒಂದು ದೊಡ್ಡ ಮಾಲ್ ಒಳಗಿದೆ. ಅಲ್ಲಿ ನಡೀತಾ ಇದ್ದೀವಿ, ಇದ್ದಕ್ಕಿದ್ದಂಗೆ ಮಾರಯ್ಯ ಗೋಡೆ ಪಕ್ಕಕ್ಕೆ ಸರಿದು ನಿಂತುಬಿಟ್ಟ. ಎಸ್ಟೇಟ್ ರಸ್ತೇಲಿ ಗೌಡ್ರ ಜೀಪು ಬಂದಾಗ ಹೆಂಗೆ ಪಕ್ಕಕ್ಕೆ ಸರೀತಾನೋ ಹಂಗೇ. ಏನಾಯ್ತಪ್ಪ ಇವನಿಗೆ ಅಂತ ಎದುರಿಗೆ ನೋಡ್ತೀನಿ, ಗೌಡ್ರು ಬರ್ತಿದ್ದಾರೆ. ಪಕ್ಕದಲ್ಲಿ ಅವರ ಹೆಂಡ್ತಿ ಸಾವಿತ್ರಮ್ಮ, ಎರಡೂ ಕೈಲಿ ಅಂಗಡಿ ಚೀಲ. ದುಬೈಗೆ ಹೋಗ್ತಾರೆ ಅಂತ ಬಂಗಲೆ ಅಡುಗೆಯವಳು ಹೇಳಿದ್ದು ನನಗೆ ಆಗ ನೆನಪಾಯ್ತು. ಆದ್ರೂ ಅಷ್ಟು ದೊಡ್ಡ ಊರಲ್ಲಿ ಅವರಿಗೆ ನಾವೇ ಸಿಗಬೇಕಾ? ನನ್ನ ಗ್ರಹಚಾರ ನೋಡಿ.

ಅವರಿಗೂ ಆಶ್ಚರ್ಯ. ಸಾವಿತ್ರಮ್ಮ ಕುಸುಮಾನ ಕೆನ್ನೆ ಸವರಿ, ಎಷ್ಟು ಬೆಳೆದುಬಿಟ್ಟಿದ್ದೀಯೇ ಅಂತ ಪ್ರೀತಿಯಿಂದಲೇ ಮಾತಾಡಿಸಿದ್ರು. ಸುಳ್ಳು ಯಾಕೆ ಹೇಳಲಿ, ಅವರು ಕೆಟ್ಟ ಹೆಂಗಸಲ್ಲ. ಅಷ್ಟರಲ್ಲಿ ಅವರ ಕೈಲಿದ್ದ ಚೀಲಗಳೆಲ್ಲ ಮಾರಯ್ಯನ ಕೈಗೆ ಬಂದಿದ್ವು. ಅವರು ಕೊಡಲಿಲ್ಲ, ಇವನೂ ಕೇಳಲಿಲ್ಲ. ಬಂಗಲೆ ಮೆಟ್ಟಿಲ ಹತ್ರ ದಿನಾ ಆಗೋ ಥರ ಆಗಿಹೋಯ್ತು. ಕುಸುಮಾ ನೋಡಿದ್ಲು, ಮುಖ ಕೆಂಪಾಯ್ತು.

ಮಾತಿಗೆ ಮಾತು ಬಂದು, ಬುರ್ಜ್ ಮೇಲಕ್ಕೆ ಹೋಗೋಣ ಅಂತ ಬಂದ್ವಿ, ಈ ಹೊತ್ತಿನದು ಎಲ್ಲಾ ಖಾಲಿಯಂತೆ, ನಾಳೆ ಬೆಳಿಗ್ಗೆ ನಮ್ಮ ವಿಮಾನ ಅಂತ ಸಾವಿತ್ರಮ್ಮ ಬೇಜಾರು ಮಾಡ್ಕೊಂಡ್ರು. ಅಷ್ಟೇ ಅವರು ಹೇಳಿದ್ದು.

ನಮ್ಮ ಕಡೆ ಒಂದು ಪದ್ಧತಿ. ಹಿತ್ತಲಲ್ಲಿ ಮೊದಲು ಹಣ್ಣಾದ ಹಲಸು, ಮಳೆ ಶುರುವಾದಾಗ ಹಳ್ಳದಲ್ಲಿ ಸಿಕ್ಕಿದ ಮೊದಲ ಮೀನು, ಎಲ್ಲಾ ಬಂಗಲೆಗೆ ಹೋಗ್ಬೇಕು. ಕೊಡು ಅಂತ ಯಾರೂ ಬಾಯಿಬಿಟ್ಟು ಕೇಳಲ್ಲ. ಕೊಟ್ಟ ಮೇಲೆ ಮಿಕ್ಕಿದ್ದು ನಮಗೆ. ಮಾರಯ್ಯ ಚೀಲಗಳನ್ನ ಕೆಳಗಿಟ್ಟ, ಜೇಬಿನಿಂದ ಟಿಕೆಟ್ಟು ತೆಗೆದ, ಎರಡೂ ಕೈಲಿ ಹಿಡಿದು ಸಾವಿತ್ರಮ್ಮನ ಮುಂದೆ ಚಾಚಿದ. ತಾವು ನೋಡ್ಬನ್ನಿ ಅಮ್ಮೋರೇ, ನಾವು ಇನ್ಯಾವಾಗಾದ್ರೂ ನೋಡ್ತೀವಿ, ಮೇಲೆ ಕುಸುಮಾ ತಮಗೆ ಎಲ್ಲಾ ತೋರಿಸ್ತಾಳೆ ಅಂದ. ಆಮೇಲೆ ನನ್ನ ಕಡೆ ತಿರುಗಿ, ನಿಂದೂ ಗೌಡ್ರಿಗೆ ಕೊಡು ಅಂತ ಕೈ ನೀಡಿದ.

"ನಾನು ಕೊಡಲ್ಲ. ಇದು ನನ್ನ ಮಗಳು ನಂಗೆ ಅಂತ ತೆಗೆಸಿದ್ದು."

ಇಷ್ಟು ವರ್ಷದಲ್ಲಿ ಗೌಡ್ರ ಎದುರಿಗೆ ನಾನು ಇಲ್ಲ ಅಂದಿದ್ದು ಅದೇ ಮೊದಲು. ಮಾರಯ್ಯ ನನ್ನ ಸುಟ್ಟುಬಿಡೋ ಹಂಗೆ ನೋಡಿದ. ನೋಡಲಿ ಬಿಡು ಅಂತ ಚೀಲ ಎದೆಗೆ ಅವುಚ್ಕೊಂಡು ನಿಂತೆ. ಸಾವಿತ್ರಮ್ಮ, ಬೇಡ ಬಿಡು ಮಾರ, ನೀನೇ ಹೋಗು ಅಂದ್ರು. ಅಂದ್ರು ನಿಜ, ಆದ್ರೆ ಟಿಕೆಟ್ಟು ಆಗಲೇ ಅವರ ಕೈಲಿತ್ತು. ಗೌಡ್ರು ಸಮಾಧಾನ ಮಾಡೋ ಥರ, ನಂಗೆ ಮಂಡಿ ನೋವು, ನೀನು ಹೋಗ್ಬಾ, ನಾನೂ ಮಾರನೂ ಇಲ್ಲೇ ಇರ್ತೀವಿ ಅಂತ ಹೆಂಡ್ತೀನ ಕಳಿಸಿದ್ರು. ಕುಸುಮಾ ಅಪ್ಪನ್ನೇ ನೋಡ್ತಾ ನಿಂತಿದ್ಲು. ಅವನು ಅವಳ ಕಡೆ ನೋಡಲೇ ಇಲ್ಲ, ಚೀಲ ಎಣಿಸ್ತಿದ್ದ.

ಮೇಲೆ ಏನು ನೋಡಿದೆ ಅಂತ ಕೇಳಬೇಡಿ. ಹೊತ್ತು ಮುಳುಗ್ತು, ದೀಪ ಹತ್ತಿದ್ವು, ಎಲ್ಲರೂ ಓಹೋ ಅಂದ್ರು. ಸಾವಿತ್ರಮ್ಮ ಗಾಜಿನ ಹತ್ರ ನಿಂತು, ಕುಸುಮಾ ಇಲ್ಲಿಂದ ತೆಗಿ, ಕುಸುಮಾ ಇನ್ನೊಂದು ತೆಗಿ ಅಂತ ಫೋಟೋ ತೆಗೆಸಿದ್ದೇ ತೆಗೆಸಿದ್ದು. ಬೆಂಗಳೂರಿನ ಹೆಂಗಸೊಬ್ಬಳು ಕನ್ನಡ ಕೇಳಿ ಮಾತಾಡಿಸೋಕೆ ಬಂದು, ಇವಳು ನಿಮ್ಮ ಮಗಳಾ ಅಂತ ಸಾವಿತ್ರಮ್ಮನ್ನ ಕೇಳಿದ್ಲು. ಅಯ್ಯೋ ಇಲ್ಲಪ್ಪ, ನಮ್ಮ ಲೈನಿನ ಜನ ಅಂದ್ರು ಸಾವಿತ್ರಮ್ಮ ನಗ್ತಾ. ಕುಸುಮಾನ ಬೆರಳು ಫೋನಿನ ಮೇಲೆ ಹಂಗೇ ನಿಂತ್ಹೋಯ್ತು. ನಾನು ಅವಳ ತೋಳು ಹಿಡಿದು, ಸಾಕು, ಕೆಳಗಿಳಿಯೋಣ ನಡಿ ಅಂದೆ.

ಕೆಳಗೆ ಬಂದು ನೋಡಿದ್ರೆ ಗೌಡ್ರು ಬೆಂಚಿನ ಮೇಲೆ ಕೂತಿದ್ದಾರೆ. ಇನ್ನೂ ಮೂರು ಜನ ಕೂರೋಷ್ಟು ಜಾಗ ಪಕ್ಕದಲ್ಲಿ ಖಾಲಿ. ಮಾರಯ್ಯ ಅವರ ಕಾಲ ಹತ್ರ ನೆಲದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು, ಮಡಿಲ ತುಂಬ ಚೀಲ ಇಟ್ಕೊಂಡು ಕೂತಿದ್ದಾನೆ. ಓಡಾಡೋ ಜನ ಅವನನ್ನ ಬಳಸಿ ಹೋಗ್ತಿದ್ದಾರೆ.

ಕುಸುಮಾ ಸೀದಾ ಹೋಗಿ ಅವನ ಎದುರು ನಿಂತ್ಲು. "ಎದ್ದೇಳಪ್ಪ. ಬೆಂಚಿನ ಮೇಲೆ ಕೂತ್ಕೊ."

ಇಲ್ಲೇ ತಣ್ಣಗೈತೆ ಅಂತ ಹಲ್ಲು ಬಿಟ್ಟ.

"ನಾನು ನೋಡ್ಬೇಕು, ಕೂತ್ಕೊ," ಅಂದ್ಲು.

ಇವನು ಅಲ್ಲಾಡಲಿಲ್ಲ. ಮಗಳು ಎದುರಿಗೆ ನಿಂತು ಕೇಳ್ಕೊಳ್ತಿದ್ದಾಳೆ, ಇವನು ಓರೆಗಣ್ಣಲ್ಲಿ ಗೌಡ್ರ ಮುಖ ನೋಡ್ತಾನೆ. ಗೌಡ್ರಿಗೂ ಮುಜುಗರ ಆಯ್ತೋ ಏನೋ, "ಕೂತ್ಕೊಳೋ ಮಾರ, ಮಗಳು ಹೇಳ್ತಿದ್ದಾಳಲ್ಲ," ಅಂದ್ರು. ತಕ್ಷಣ ಎದ್ದು ಬೆಂಚಿನ ತುದಿಗೆ ಕೂತ್ಕೊಂಡ.

ಅಲ್ಲಿಂದ ಸೀದಾ ರೂಮಿಗೆ ಬಂದ್ವಿ. ಕುಸುಮಾ ಬಾಗಿಲು ಹಾಕಿ ಮನಸ್ಸಲ್ಲಿ ಇದ್ದಿದ್ದೆಲ್ಲ ಕಕ್ಕಿದ್ಲು. ನಿನ್ನನ್ನ ಇಷ್ಟು ದೂರ ಕರೆಸಿದ್ದು ಅವರ ಚೀಲ ಹೊರೋಕಾ, ನನ್ನನ್ನ ಅವರ ಕೆಲಸಕ್ಕೆ ಕೊಡೋಕೆ ನೀನ್ಯಾರು, ನಾನು ಹೇಳಿದ್ರೆ ಏಳದ ಮನುಷ್ಯ ಅವರು ಹೇಳಿದ್ರೆ ಏಳ್ತೀಯಲ್ಲ ಅಂತ ಕೂಗಾಡಿದ್ಲು. ಮಾರಯ್ಯನೂ ಸುಮ್ಮನಿರಲಿಲ್ಲ. ನಾಲ್ಕು ಅಕ್ಷರ ಕಲಿತ ಕೊಬ್ಬು ನಿನಗೆ ಅಂದ. ನೀನು ನಾಲ್ಕು ದಿನ ತಿರುಗಿಸಿ ಕಳಿಸ್ತೀಯ, ಆಮೇಲೆ ನಾನು ನಿಲ್ಲಬೇಕಾಗಿರೋದು ಅದೇ ಅಂಗಳದಲ್ಲಿ ಅಂದ. ನಿಲ್ಲಬೇಡ ಅಂತಲೇ ಅಲ್ವಾ ಪೇಟೇಲಿ ಮನೆ ಮಾಡಿರೋದು ಅಂದ್ಲು ಇವಳು.

"ಪೇಟೇಲಿ ನನ್ನ ಯಾರಿಗೆ ಗೊತ್ತು? ಅಲ್ಲಿ ನನ್ನ ಮಾರ ಅಂತ ಕರೆಯೋರು ಯಾರಿದ್ದಾರೆ?"

ಕುಸುಮಾ ಎದ್ದು ದೀಪ ಆರಿಸಿದ್ಲು. ಉಳಿದ ದಿನಾನೂ ಊರು ತೋರಿಸಿದ್ಲು. ಇದು ಸಮುದ್ರ, ಇದು ಮೀನು ಬಿಟ್ಟಿರೋ ಗಾಜಿನ ತೊಟ್ಟಿ ಅಂತ ಗುರುತಿಲ್ಲದ ಜನಕ್ಕೆ ಹೇಳೋ ಥರ ಹೇಳಿದ್ಲು, ಅಪ್ಪ ಅನ್ನಲಿಲ್ಲ. ವಿಮಾನ ಹತ್ತಿಸೋವಾಗ ನನ್ನ ತಬ್ಕೊಂಡು ಅತ್ಲು. ಅವನಿಗೆ ಹುಷಾರು ಅಂದ್ಲು ಅಷ್ಟೇ.

ಊರಿಗೆ ಬಂದ ಮಾರನೇ ದಿನ ನಾನು ಏಳೋ ಹೊತ್ತಿಗೆ ಮಾರಯ್ಯನ ಹಾಸಿಗೆ ಖಾಲಿ, ಆಗಲೇ ಬಂಗಲೆಗೆ ಹೋಗಿದ್ದ. ಕುಯ್ಲಿನ ಕಾಲ. ಸಾಯಂಕಾಲ ಹಣ್ಣು ತೂಕ ಹಾಕೋ ಕಡೆ ಹೆಂಗಸರೆಲ್ಲ ಸೇರಿರ್ತಾರೆ, ಕುಸುಮಾ ಕಳಿಸಿದ ಖರ್ಜೂರ ಹಂಚೋಣ ಅಂತ ಹೋದೆ. ನಾನು ಬಾಯಿ ತೆಗೆಯೋ ಮೊದಲೇ ನಮ್ಮ ಪಕ್ಕದ ಮನೆ ಯಲ್ಲಮ್ಮ, ದುಬೈಲಿ ನೀವು ಸಿಕ್ಕಿದ್ದು ಒಳ್ಳೇದಾಯ್ತಂತೆ, ಮಾರಣ್ಣ ಚೀಲ ಹೊತ್ತು, ಕುಸುಮಾ ಊರು ತೋರಿಸಿ, ಭಾಳ ಉಪಕಾರ ಆಯ್ತು ಅಂತ ಅಮ್ಮೋರು ಎಲ್ಲರ ಹತ್ರನೂ ಹೇಳಿದ್ರು ಕಣೇ ಅಂದ್ಲು. ಅವಳಿಗೆ ಅದು ಹೊಗಳಿಕೆ. ನಾನು ಖರ್ಜೂರದ ಡಬ್ಬಿ ಅವಳ ಕೈಗೇ ಇಟ್ಟು ಮನೆಗೆ ಬಂದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಅಂತ ಎರಡು ಗಂಟು ಕಟ್ಕೊಂಡು ರಸ್ತೆಗೆ ಬಂದೆ. ಮಗಳು ಮಾಡಿರೋ ಪೇಟೆ ಮನೆಗೆ ಹೋಗ್ತೀನಿ ಅಂತ ರಾತ್ರಿ ಹೇಳಿದ್ದೆ, ಅವನು ನಂಬಿರಲಿಲ್ಲ. ಈಗ ಬಂಗಲೆ ಕಡೆ ಹೊರಟವನು ದಾರಿ ಬಿಟ್ಟು ನನ್ನ ಹತ್ರ ಬಂದು ನಿಂತ. ಗಂಟಿಗೆ ಕೈ ಹಾಕಲಿಲ್ಲ, ತಡೆಯೋಕೂ ಇಲ್ಲ, ಎತ್ಕೊಡೋಕೂ ಇಲ್ಲ.

"ನೀನು ಹಿಂಗೆ ಹೋದ್ರೆ ಗೌಡ್ರು ಏನಂದ್ಕೊಳ್ತಾರೆ?" ಅಂದ.

"ನಾನು ಏನಂದ್ಕೊಳ್ತೀನಿ ಅಂತ ಒಂದು ದಿನ ಕೇಳಿದ್ದೀಯಾ ನೀನು?"

ಅವನು ತಲೆ ತಗ್ಗಿಸಿದ. ಬಸ್ಸು ತಿರುವಲ್ಲಿ ಕಾಣಿಸ್ತು. ಈಗಲಾದ್ರೂ ಕೇಳ್ತಾನೆ, ಒಂದೇ ಒಂದು ಮಾತು ಕೇಳಿದ್ರೂ ಸಾಕು, ಗಂಟು ಇಳಿಸೋಣ ಅಂತ ಕಾದೆ. ದೇವರಾಣೆ ಕಾದೆ.

ಅವನು ತಲೆ ಎತ್ತಿದ. "ಹಂಗಾದ್ರೆ ಅವರು ಕೇಳಿದ್ರೆ ಏನಂತ ಹೇಳ್ಲಿ?" ಅಂದ.

ನಾನು ಬಸ್ಸು ಹತ್ತಿದೆ.