ಕೆಡಿಸುವ ಕೆಲಸ

ಬೆಟಗೇರಿಯ ಬಡಗಿ ಮಲಂಗಸಾಬನ ಕೈ ನಡುಗಲು ಹತ್ತಿದಂದಿನಿಂದ ಮಗ ಇಲಿಯಾಸ ಅವನಿಗೆ ಉಳಿ ಮುಟ್ಟಗೊಟ್ಟಿರಲಿಲ್ಲ. ಬೈದು ಬಿಡಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಮಗ ಬೈಯಲಿಲ್ಲ. "ನೀವು ಆರಾಮ ಕುಂಡ್ರಿ ಅಬ್ಬಾ" ಎಂದು ಅಂಗಡಿಯ ಮೂಲೆಗೆ ಒಂದು ಕುರ್ಚಿ ಹಾಕಿದ, ಅಷ್ಟೇ. ಗದಗ ಬೇರೆ ಜಿಲ್ಲೆಯಾದ ಹೊಸದರಲ್ಲಿ ಕಚೇರಿಗಳಿಗೆ ಮೇಜು ಮಾಡಿಕೊಟ್ಟ ಕೈ ಅದು. ಈಗ ಯಾರಿಗಾದರೂ ಚಹಾ ದಾಟಿಸಿದರೆ ಅರ್ಧ ಬಸಿಗೇ ಚೆಲ್ಲಿರುತ್ತಿತ್ತು. ಆದರೂ ಮುದುಕನಿಗೆ ಒಂದೇ ಹಂಬಲ. ಈ ಕೈ ಇನ್ನೂ ಕೆಲಸಕ್ಕೆ ಬರುತ್ತದೆ ಎಂದು ಮಗ ಒಮ್ಮೆ ಬಾಯಿಬಿಟ್ಟು ಹೇಳಬೇಕು. ಅನ್ನ ಹಾಕುವ ಮಗ ಬೇರೆ, ಬೆಲೆ ಕೊಡುವ ಮಗ ಬೇರೆ. ಇಲಿಯಾಸ ಅನ್ನಕ್ಕೆ ಎಂದೂ ಕಡಿಮೆ ಮಾಡಿರಲಿಲ್ಲ.

ಅಂಗಡಿಗೆ ಈಗ ಬರುತ್ತಿದ್ದ ಸಾಮಾನು ಮಲಂಗಸಾಬನ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಎಲ್ಲವೂ ಗುಜರಿಯವರಿಂದ, ಕೆಡವಿದ ಮನೆಗಳಿಂದ ತಂದದ್ದು. ಬೆಳ್ಳಟ್ಟಿಯ ಒಂದು ಬಾಗಿಲು, ಬಣ್ಣವೆಲ್ಲ ಸಿಪ್ಪೆ ಎದ್ದದ್ದು. ಅಸುಂಡಿಯ ಯಾರದೋ ಅಡುಗೆಮನೆಯ ಹಿಟ್ಟು ನಾದುವ ಮರಿಗೆ, ಅಂಚು ಸೀಳಿದ್ದು. ಗದಗಿನಲ್ಲಿ ಹೊಸ ಮನೆ ಕಟ್ಟಿಸಿದ್ದ ಪದ್ಮಜಾಬಾಯಿಗೆ ಇವು ಬೇಕಾಗಿದ್ದವು. ಆಕೆ ಮಾಸ್ತರ ಮನೆತನದ ಸೊಸೆ, ಮಾತಿನಲ್ಲೂ ನಡತೆಯಲ್ಲೂ ಮೃದು. ಬಾಗಿಲು ಊಟದ ಮೇಜಾಗಬೇಕು, ಮರಿಗೆ ಕನ್ನಡಿಯ ಚೌಕಟ್ಟಾಗಬೇಕು. ಅಷ್ಟು ಮುದುಕನಿಗೂ ಗೊತ್ತಿತ್ತು. ಆ ಹಳೆಯ ಗಾಯಗಳಿಗಾಗಿಯೇ ಬಾಯಿ ಇವನ್ನು ಆರಿಸಿದ್ದಳು ಎಂಬುದನ್ನು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ. ಮೂಲೆಯ ಕುರ್ಚಿಯವನಿಗೆ ಯಾರು ಏನು ಹೇಳುತ್ತಾರೆ?

ಬಾಗಿಲಿಗೆ ನಾಲ್ಕು ಕಾಲು ಹಚ್ಚಿ, ಮರಿಗೆಯಲ್ಲಿ ಕನ್ನಡಿ ಕೂಡಿಸಿ, ಇಲಿಯಾಸ ಬೆಳಿಗ್ಗೆಯೇ ಇನ್ನಷ್ಟು ಹಳೇ ಸಾಮಾನು ತರಲು ಹಿರೇವಡ್ಡಟ್ಟಿಗೆ ಹೋದ. ಬಾಯಿ ಸಂಜೆಗೆ ಬರುವವಳಿದ್ದಳು. ಮಲಂಗಸಾಬ ಎದ್ದು ಹೋಗಿ ಮೇಜಿನ ಮೇಲೆ ಅಂಗೈ ಆಡಿಸಿದ. ಸಿಬಿರು ಚುಚ್ಚಿತು. ಅವನಿಗೆ ನಾಚಿಕೆಯಾಯಿತು. ಸಿಬಿರೆದ್ದ ಕಟ್ಟಿಗೆಯನ್ನು ಗಿರಾಕಿಗೆ ಕೊಡುವುದೂ ಒಂದೇ, ಕಲ್ಲಿರುವ ಅನ್ನ ಬಡಿಸುವುದೂ ಒಂದೇ ಎನ್ನುವ ಹಳೇ ಕಾಲದ ಬಡಗಿ ಅವನು. ಪಾಪ, ಮಗನಿಗೆ ಪುರಸೊತ್ತಾಗಿಲ್ಲ ಎಂದುಕೊಂಡ. ಹಾಗೆಂದುಕೊಂಡಾಗ, ಸುಳ್ಳೇಕೆ, ಮುದುಕನಿಗೆ ಖುಷಿಯೂ ಆಯಿತು.

"ನಿಮ್ಮ ಮಗಗ ಒಂದ್ ಮಾತ ಕೇಳಿ ಮಾಡ್ರಿ ಅಬ್ಬಾ" ಎಂದಳು ಸೊಸೆ ನಜಮಾ.

"ಮರ್ಯಾದಿ ಉಳಸಾಕ ಕೇಳೂದೇನೈತಿ? ನೀ ಆ ಕಡಿ ಹಿಡಿ."

ನಜಮಾ ಹಿಡಿದಳು. ಕಟ್ಟಿಗೆ ಹೆರೆಯುವ ರಂದಾದ ಮೇಲೆ ಎರಡೂ ಕೈ ಊರಿ ಮೈಭಾರ ಬಿಟ್ಟೊಡನೆ ಮುದುಕನ ನಡುಕ ನಿಂತಿತು. ಹೆರೆ ಸುರುಳಿ ಸುರುಳಿಯಾಗಿ ಬಿತ್ತು, ಒಳಗಿನ ಸಾಗವಾನಿ ಹೊರಬಂತು. ಹುಳದ ತೂತುಗಳಿಗೆ ಕಟ್ಟಿಗೆ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದ, ಮರಿಗೆಯ ಸೀಳನ್ನು ಕೂಡಿಸಿದ, ಅರಗಿನ ಪಾಲಿಶ್ ಹಚ್ಚಿದ. ಮಾವ ಬೆವರಿದ್ದನ್ನು ಕಂಡು ನಜಮಾಳಿಗೂ ಹಿಗ್ಗು. ಸಂಜೆಯ ಹೊತ್ತಿಗೆ ಮೇಜಿನಲ್ಲಿ ಮುಖ ಕಾಣುತ್ತಿತ್ತು.

ಇಲಿಯಾಸನೂ ಪದ್ಮಜಾಬಾಯಿಯೂ ಒಟ್ಟಿಗೇ ಬಂದರು. ಬಾಯಿ ಮೇಜಿಗೆ ಒಂದು ಸುತ್ತು ಹಾಕಿ ನೋಡಿದಳು.

"ಇಲಿಯಾಸ, ನಾ ಆರಿಸಿದ ಬಾಗಲಾ ಎಲ್ಲದ?"

"ಇದ... ಇದರೀ ಬಾಯಾರ."

"ಇಷ್ಟು ಹೊಸಾದು ಬೇಕಿದ್ರ ಅಂಗಡ್ಯಾಗ ಸಿಗತಿತ್ತಲ್ಲಪಾ. ನನಗ ಆ ಹಳೇತನ ಬೇಕಾಗಿತ್ತು." ಆಕೆ ದನಿ ಏರಿಸಲಿಲ್ಲ. ಬರುವ ವಾರ ಗೃಹಪ್ರವೇಶ, ಅಷ್ಟರೊಳಗೆ ಮೊದಲಿನಂತೆ ಮಾಡಿದರೆ ಒಯ್ಯುವೆ ಎಂದು ಹೇಳಿ ಹೋದಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

"ಯಾರ್ ಹೇಳಿದ್ರು ನಿಮಗ?" ಇಲಿಯಾಸ ತಂದೆಯನ್ನು ಕೇಳಿದ.

"ಯಾರೂ ಏನೂ ಹೇಳಲಿಲ್ಲ ಲೇ. ಅದಕ್ಕ ಮಾಡಿದೆ."

ಮಗ ಒಂದು ಕಬ್ಬಿಣದ ಸರಪಳಿಯನ್ನೂ ಉದ್ದನೆಯ ಮೊಳೆಯನ್ನೂ ತಂದು ಅವನ ಮುಂದೆ ಒಗೆದ. "ನೀವ ಮಾಡೀರಿ. ನೀವ ಕೆಡಸ್ರಿ."

ನಜಮಾ ಒಳಗೆ ಹೋಗಿಬಿಟ್ಟಳು. ಮಲಂಗಸಾಬ ಸರಪಳಿ ಎತ್ತಿ ಮೇಜಿಗೆ ಹೊಡೆದ. ಹೊಳಪು ಒಡೆಯಿತು. ಹೆತ್ತ ಕೂಸಿನ ಮೇಲೆ ಕೈ ಮಾಡಿದಷ್ಟು ಸಂಕಟವಾಯಿತು, ಆದರೂ ಹೊಡೆದ. ಮೊಳೆಯ ಮೊನೆಯಿಂದ ಗೀರುವಾಗ ಬೆರಳು ನಡುಗಿ ಗೆರೆಗಳು ಎಲ್ಲೆಲ್ಲಿಗೋ ಹರಿದವು. ತನ್ನ ಜೀವಮಾನದಲ್ಲಿ ಬೇಕೆಂದು ಕೆಡಿಸಿದ ಮೊದಲ ಕೆಲಸ ಅದು. ಕಣ್ಣು ಮಂಜಾದವು, ಒರೆಸಿಕೊಳ್ಳಲಿಲ್ಲ. ಇಲಿಯಾಸ ಅದರ ಮೇಲೆ ಸುಣ್ಣ, ಹಸಿರು ಬಣ್ಣ ತಿಕ್ಕಿ, ಮತ್ತೆ ಕೆರೆದ, ಮರಿಗೆಯ ಸೀಳನ್ನೂ ಬಿಡಿಸಿದ.

ಪದ್ಮಜಾಬಾಯಿ ಮತ್ತೆ ಬಂದು ಗೆರೆಗಳ ಮೇಲೆ ಬೆರಳಾಡಿಸಿದಳು. ಮುಖ ಅರಳಿತು. "ಮೊದಲಿಗಿಂತ ಛಲೋ ಆಗ್ಯದ. ಯಾರ ಕೈ ಇದು?"

"ನಮ್ಮ ಅಬ್ಬಾಂದರಿ" ಎಂದ ಇಲಿಯಾಸ, ಅಭಿಮಾನದಿಂದಲೇ.

ಮೇಜನ್ನೂ ಕನ್ನಡಿಯನ್ನೂ ಗಾಡಿಗೆ ಏರಿಸಿ ಕಳಿಸಿದ ಮೇಲೆ ಮಗ ಬಂದು ತಂದೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಎಷ್ಟೋ ದಿನಗಳ ಮೇಲೆ ಹಾಗೆ ಕೂತಿದ್ದ.

"ಇನ್ನ ಮ್ಯಾಲೆ ಈ ಕೆಲಸ ನೀವ ಮಾಡ್ರಿ ಅಬ್ಬಾ. ನಾ ಮೊಳಿ ಎಳದ್ರ ಗೆರಿ ಸೀದಾ ಬರತಾವು, ಖೊಟ್ಟಿ ಅಂತ ಗೊತ್ತಾಗಿಬಿಡತೈತಿ. ನಿಮ್ಮ ಕೈ ನಡುಗತೈತಲ್ಲ, ಇದಕ್ಕ ಅಂಥಾ ಕೈನ ಬೇಕು."

ಮಗ ನಗುತ್ತಲೇ ಹೇಳಿದ, ಮನಸ್ಸಿನಲ್ಲಿ ಕೇಡಿರಲಿಲ್ಲ. ಮಲಂಗಸಾಬ ಇಷ್ಟು ದಿನ ಕಾದದ್ದು ಈ ಮಾತಿಗೇ.

"ಆತು" ಎಂದ.